ಸೊಟ್ಟ ಹೆಗಲಿನ ಶಾಸ್ತ್ರ

ಹಿಡಿಗಲ್ಲನ್ನು ಹೇಗೆ ಎತ್ತಬೇಕೆಂದು ಯೊನಮಿನೆ ಸೇಯ್ತೋಕು ಒಂದು ಪುಸ್ತಕ ಬರೆದಿದ್ದಾನೆ. ಇನ್ನೂರಕ್ಕೂ ಹೆಚ್ಚು ಪುಟ, ನುಣುಪು ಕಾಗದ, ಬಣ್ಣದ ಚಿತ್ರಗಳು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವನು, ಚಿತ್ರಗಳನ್ನಷ್ಟೇ ನೋಡಿದೆ. ಅಷ್ಟೇ ಸಾಕಾಯಿತು. ಚಿತ್ರದಲ್ಲಿ ಅವನು ಇಸ್ತ್ರಿ ಹಾಕಿದ ಬಿಳಿ ಉಡುಪಿನಲ್ಲಿ, ತಲೆಯನ್ನು ಎಡಕ್ಕೆ ವಾಲಿಸಿ, ಬಲ ಸೊಂಟವನ್ನು ಹೊರಗೆ ತಳ್ಳಿ, ಬಲ ಹೆಗಲನ್ನು ಕಿವಿಯವರೆಗೆ ಎಳೆದುಕೊಂಡು ಕಲ್ಲೆತ್ತಿ ನಿಂತಿದ್ದಾನೆ. ಬಸ್ಸಿನಲ್ಲಿ ನಿದ್ದೆ ಹೋಗಿ ಕತ್ತು ಉಳುಕಿಸಿಕೊಂಡವನು ಮೇಲಿನಿಂದ ಚೀಲ ಇಳಿಸುವಾಗ ಹೀಗೇ ನಿಲ್ಲುತ್ತಾನೆ. ಈ ನಿಲುವಿಗೆ ಪುಸ್ತಕದಲ್ಲಿ ಒಂದು ಹೆಸರೂ ಇದೆಯಂತೆ: 'ಬಿರುಗಾಳಿಗೆ ಬಾಗಿದ ಪೈನ್ ಮರ'.

ಮರ ಅನ್ನುವುದನ್ನು ನಾನು ಬಲ್ಲೆ. ಎಂಬತ್ತನಾಲ್ಕು ವರ್ಷದಲ್ಲಿ ಅರವತ್ತೆಂಟು ವರ್ಷ ಮರವನ್ನೇ ಕೆತ್ತಿದ್ದೇನೆ. ನಮ್ಮೂರು ಇತೊಮಾನಿನ ಬೆಸ್ತರ ದೋಣಿಗಳಿಗೆ ಹುಟ್ಟು ಮಾಡಿಕೊಡುವುದು ನನ್ನ ಕಸುಬು. ಜೊತೆಗೆ ಕರಾಟೆ ಗರಡಿಗಳ ಹಿಡಿಗಲ್ಲಿಗೆ ಹಿಡಿ ಹಾಕಿಕೊಡುತ್ತೇನೆ. ಹಿಡಿಗಲ್ಲನ್ನು ನಮ್ಮ ದ್ವೀಪದಲ್ಲಿ ಚೀಶಿ ಎನ್ನುತ್ತಾರೆ. ಸಣ್ಣ ಮಡಕೆಯಷ್ಟು ದೊಡ್ಡ ಗುಂಡುಕಲ್ಲು, ನಡುವೆ ತೂತು, ಆ ತೂತಿನಲ್ಲಿ ಮೊಳಕ್ಕೆ ಸ್ವಲ್ಪ ಕಮ್ಮಿ ಉದ್ದದ ಸೀಬೆಮರದ ಹಿಡಿ. ತೂಕ ಐದು ಕಿಲೋ. ಐದು ಕಿಲೋ ಏನು ಮಹಾ ಎನ್ನುವವರು ಹಿಡಿಯ ಆ ತುದಿಯನ್ನು ಹಿಡಿದು ಒಮ್ಮೆ ತೋಳು ಚಾಚಬೇಕು. ಆಮೇಲೆ ಮಾತಾಡಬಹುದು.

ಇದನ್ನು ಸರಿಯಾಗಿ ಎತ್ತುವವನನ್ನು ನಾನು ನೋಡಿದ್ದೇನೆ. ಅವನ ಹೆಸರು ಕೊಚಿಂದ ಚೋಶಿನ್. ಊರಿಗೆಲ್ಲ ಗುರುಗಳು, ನನಗೆ ಮಾತ್ರ ಚೋಶಿನ್. ಒಂದೇ ಓಣಿಯಲ್ಲಿ ಹುಟ್ಟಿದವರು ನಾವು. ಹಗಲು ಮೀನು ಹಿಡಿಯುತ್ತಿದ್ದ, ಸಂಜೆ ಬಂದರಿನ ಹಿಂದಿನ ಗರಡಿಯಲ್ಲಿ ಕಲಿಸುತ್ತಿದ್ದ. ಕಾಲು ಹೆಗಲಗಲಕ್ಕೆ ಇಟ್ಟು, ಹೆಬ್ಬೆರಳನ್ನು ಒಂಚೂರು ಒಳಕ್ಕೆ ತಿರುಗಿಸಿ, ಮಂಡಿ ಮಿದುವಾಗಿ ಬಾಗಿಸಿ ನಿಲ್ಲುತ್ತಿದ್ದ. ಕಲ್ಲು ಕೆಳಗೆ ನೇತಾಡುತ್ತಿರುತ್ತದೆ. ತೋಳು ಮುಂದೆ ಬಂದು ಎದೆಯ ಮಟ್ಟ ಮುಟ್ಟುವಾಗ ಮಣಿಕಟ್ಟು ತಿರುಗಿ, ಕಲ್ಲು ಮುಷ್ಟಿಯ ಮೇಲೆ ನೆಟ್ಟಗೆ ನಿಲ್ಲಬೇಕು. ಅಲ್ಲಿಂದ ಹೆಗಲ ಮೇಲಾಗಿ ಬೆನ್ನ ಹಿಂದಕ್ಕೆ, ಮತ್ತೆ ತಲೆಯ ಮೇಲಕ್ಕೆ, ಮುಂದಕ್ಕೆ, ಕೆಳಕ್ಕೆ. ಎತ್ತಲು ಒಂದು ಉಸಿರು, ಇಳಿಸಲು ಎರಡು. ಇಳಿಸುವಾಗ ಅವಸರ ಮಾಡಿದವನಿಗೆ ಚೋಶಿನ್, "ಕಲ್ಲು ಎತ್ತೋದನ್ನ ಕತ್ತೇನೂ ಕಲಿಯುತ್ತೆ ಕಣೋ, ಇಳಿಸೋದನ್ನ ಕಲಿ," ಎನ್ನುತ್ತಿದ್ದ. ಕಂಕುಳು ಬಿಗಿ, ಕತ್ತು ನೆಟ್ಟಗೆ, ಹೆಗಲು ಕೆಳಗೆ. ಶಿಷ್ಯನ ಹೆಗಲ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ. ಹೆಗಲು ಮೇಲೇರಿದರೆ ಫಟ್ ಎಂದು ಒಂದು ಏಟು. "ಹೆಗಲು ಹೋಗಿ ಕಿವಿಗೆ ಗುಟ್ಟು ಹೇಳಬಾರದು."

ನನಗೆ ನಲವತ್ತೆರಡು ವರ್ಷವಾಗಿದ್ದಾಗ, ಇನ್ನೂ ಅಮೆರಿಕದವರ ಆಳ್ವಿಕೆಯಿದ್ದ ಕಾಲ, ದೋಣಿ ಪಂದ್ಯದ ಹೊತ್ತಿಗೆ ಎಲ್ಲ ಕೇರಿಯವರಿಗೂ ಹೊಸ ಹುಟ್ಟು ಬೇಕಾಗಿತ್ತು. ಅದೇ ವಾರ ಚೋಶಿನ್ ತನ್ನ ಕಲ್ಲಿನ ಹಿಡಿ ಸೀಳಿತೆಂದು ತಂದುಕೊಟ್ಟ. ಹಿಡಿಗೆ ಎರಡು ವರ್ಷ ಒಣಗಿಸಿದ ಮರ ಬೇಕು. ಒಣಮರವನ್ನು ತೂತಿಗೆ ಬಡಿದು ಆಮೇಲೆ ನೀರು ಕುಡಿಸಿದರೆ ಉಬ್ಬಿ ಕಲ್ಲನ್ನು ಕಚ್ಚಿಕೊಳ್ಳುತ್ತದೆ. ಹಸಿಮರ ಹಾಗಲ್ಲ, ಒಣಗುತ್ತ ಒಣಗುತ್ತ ಕುಗ್ಗಿ ಕಲ್ಲನ್ನು ಕೈಬಿಡುತ್ತದೆ. ಇದು ಬಡಗಿಯ ಮನೆಯ ಬೆಕ್ಕಿಗೂ ಗೊತ್ತು. ನನಗೂ ಗೊತ್ತಿತ್ತು. ಒಣಮರ ಮುಗಿದಿತ್ತು. ಮೂರು ದಿನದ ಹಿಂದೆ ಕಡಿದ ಕೊಂಬೆಯನ್ನೇ ಕೆತ್ತಿ ಹಾಕಿಕೊಟ್ಟೆ. ಪಂದ್ಯ ಮುಗಿದ ಮೇಲೆ ಬದಲಾಯಿಸಿದರಾಯಿತು ಅಂದುಕೊಂಡೆ. ಪಂದ್ಯ ಮುಗಿಯಿತು. ನಾನು ಮರೆತೆ.

ಉತ್ತರದ ಒಣಗಾಳಿ ಬೀಸುವ ತಿಂಗಳಲ್ಲಿ, ಒಂದು ಬೆಳಿಗ್ಗೆ ಗರಡಿಯ ಹಿಂದಿನ ಮರಳಿನ ಮೇಲೆ ನಾವಿಬ್ಬರೇ ಇದ್ದೆವು. ಚೋಶಿನ್ ಕಲ್ಲನ್ನು ತಲೆಯ ಮೇಲಕ್ಕೆ ತಂದ. ಕೈಯಲ್ಲಿ ಹಿಡಿ ಉಳಿಯಿತು, ಕಲ್ಲು ಅವನ ಬಲ ಹೆಗಲ ಮೂಳೆಯ ಮೇಲೆ ಬಿತ್ತು. ಒಣಸೌದೆ ಮುರಿದ ಸದ್ದು. ಅವನು ಮರಳಿನ ಮೇಲೆ ಕೂತು, ಕೈಯಲ್ಲಿದ್ದ ಹಿಡಿಯ ತುದಿಯನ್ನು ನೋಡಿದ.

"ಹಸಿಮರದ್ದಾ?"

"ಹೂಂ."

ಹಲ್ಲು ಕಚ್ಚಿಕೊಂಡು ಹಿಡಿಯನ್ನು ಮರಳಿನ ಮೇಲಿಟ್ಟ. ಆಮೇಲೆ ಕೇಳಿದ, "ನಿನ್ನ ಹುಟ್ಟು ಎಷ್ಟ್ ದೋಣೀಲಿದೆ?"

"ಅರವತ್ತಕ್ಕಿಂತ ಮೇಲೆ."

"ಹಾಗಾದ್ರೆ ನಾನು ದೋಣಿಯಿಂದ ಬಿದ್ದೆ. ಬಾಯಿ ಮುಚ್ಕೊಂಡು ಎಬ್ಬಿಸು ನನ್ನ."

ಇತೊಮಾನಿನ ಬೆಸ್ತನೊಬ್ಬ ದೋಣಿಯಿಂದ ಬಿದ್ದೆ ಎಂದರೆ ಅದು ಸಣ್ಣ ನಗೆಪಾಟಲಲ್ಲ. ಹಾಲುಗಲ್ಲದ ಮಕ್ಕಳೂ ಬೀಳುವುದಿಲ್ಲ ಇಲ್ಲಿ. ಹೆಂಗಸರು ಮೀನಿನ ಬುಟ್ಟಿ ಇಳಿಸುತ್ತ, "ಗುರುಗಳೇ, ಹುಷಾರು, ನೆಲ ಅಲ್ಲಾಡ್ತಿದೆ," ಎಂದು ವರ್ಷಗಟ್ಟಲೆ ನಕ್ಕರು. ಅವನೂ ನಗುತ್ತಿದ್ದ. ನಾನು ಹುಟ್ಟು ಕೆತ್ತುತ್ತಿದ್ದೆ. ಹೇಡಿ ಎಂಬ ಮಾತನ್ನು ಈ ಕಥೆಯಲ್ಲಿ ಯಾರಿಗಾದರೂ ಹಾಕಬೇಕೆಂದರೆ ಮೊದಲು ನನಗೆ ಹಾಕಿ. ಮಿಕ್ಕವರಿಗೆ ಬೇರೆ ಮಾತುಗಳಿವೆ.

ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ. ಆಮೇಲೆ ಅವನ ತೋಳು ನೆಟ್ಟಗೆ ಮೇಲೇರುತ್ತಿರಲಿಲ್ಲ. ಕಲ್ಲನ್ನು ಬಿಡಲೊಲ್ಲ. ಎತ್ತಬೇಕೆಂದರೆ ತಲೆ ಎಡಕ್ಕೆ ಸರಿಸಬೇಕು, ಸೊಂಟ ಹೊರಗೆ ತಳ್ಳಬೇಕು, ಹೆಗಲನ್ನು ಎಳೆದುಕೊಳ್ಳಬೇಕು. ಮೂಳೆ ಸಿಕ್ಕಿಕೊಳ್ಳುವ ಒಂದು ಜಾಗದಲ್ಲಿ ಅವನ ಬಾಯಿಂದ "ಹ್ಞಂ" ಎಂದು ಬರುತ್ತಿತ್ತು. ಶಿಷ್ಯರಿಗೆ ಮಾತ್ರ ಮೊದಲಿನಂತೆಯೇ ನೆಟ್ಟಗೆ ಕಲಿಸಿದ, ಮೊದಲಿನಂತೆಯೇ ಅಂಗೈ ಏಟು ಕೊಟ್ಟ.

ಯೊನಮಿನೆ ಬಂದದ್ದು ಮೂಳೆ ಮುರಿದ ಮೂರು ತಿಂಗಳಿಗೆ. ಹತ್ತೊಂಬತ್ತರ ಹುಡುಗ, ನಾಹಾ ಪಟ್ಟಣದವನು, ಅಂಗೈಯಲ್ಲಿ ಒಂದು ಜಡ್ಡಿಲ್ಲ. ನಮ್ಮ ಗರಡಿಗಳಲ್ಲಿ ಗುರುವನ್ನು ಪ್ರಶ್ನೆ ಕೇಳುವಂತಿಲ್ಲ. ವಿದ್ಯೆಯನ್ನು ಕಣ್ಣಿನಿಂದ ಕದಿಯಬೇಕು ಎನ್ನುವುದು ವಾಡಿಕೆ. ಒಳ್ಳೆಯ ವಾಡಿಕೆಯೇ, ಕಣ್ಣಿನ ಹಿಂದೆ ಏನಾದರೂ ಇದ್ದರೆ. ಯೊನಮಿನೆ ಕದ್ದ. ಗುರು ಹೇಳುವುದು ಒಂದು, ಮಾಡುವುದು ಇನ್ನೊಂದು ಎಂದು ಕಂಡುಹಿಡಿದ. ಹೇಳುವುದು ದಡ್ಡರಿಗೆ, ಮಾಡುವುದು ಬಲ್ಲವರಿಗೆ ಎಂದು ತೀರ್ಮಾನಿಸಿದ. ಗುರುವಿನ ಏಟು ತಪ್ಪಿಸಿಕೊಂಡು, ಮನೆಯ ಕನ್ನಡಿಯ ಮುಂದೆ ನಾಲ್ಕು ವರ್ಷ ಸೊಂಟ ತಳ್ಳಿ, ಕತ್ತು ವಾಲಿಸಿ, ನರಳಾಟ ಸಮೇತ ಕಲಿತ. ಅವನಿಗೆ ಯಾವ ಮೂಳೆಯೂ ಮುರಿದಿರಲಿಲ್ಲ, ಪಾಪ. ಆಮೇಲೆ ನಾಹಾಕ್ಕೆ ಹೋಗಿ ತನ್ನದೇ ಗರಡಿ ತೆರೆದ. ಅದು ಹನ್ನೆರಡಾಯಿತು, ಒಂದು ಸಂಘವಾಯಿತು, ಅವನು ಅಧ್ಯಕ್ಷನಾದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಈಗ ನೂರಾರು ಮಂದಿ ಗಟ್ಟಿ ಮೂಳೆಯವರು ಸೊಟ್ಟಗೆ ನಿಂತು "ಹ್ಞಂ" ಎನ್ನುತ್ತಾರೆ. ಆ ಶಬ್ದಕ್ಕೂ ಪುಸ್ತಕದಲ್ಲಿ ಹೆಸರಿದೆ: 'ಬಂಡೆಯ ಒಳಗಿನ ಅಲೆ'.

ಚೋಶಿನ್ ತೀರಿಕೊಂಡ ಮೇಲೆ ಇತೊಮಾನಿನ ಗರಡಿಯನ್ನು ಅವನ ಮಗಳು ಸುಮಿಯೆ ನಡೆಸುತ್ತಿದ್ದಾಳೆ. ನಲವತ್ತೇಳು ವರ್ಷ. ಬೆಳಿಗ್ಗೆ ಮೀನಿನ ಹರಾಜಿನಲ್ಲಿ ಕೆಲಸ, ಸಂಜೆ ಇಪ್ಪತ್ತಮೂರು ಮಂದಿಗೆ ಪಾಠ. ಮೂಳೆ ಮುರಿದಾಗ ಅವಳಿಗೆ ಐದು ವರ್ಷ. ಅವಳಿಗೂ ದೋಣಿಯ ಕಥೆಯೇ ಗೊತ್ತಿದ್ದದ್ದು. ಅಪ್ಪನ ಅಂಗೈ ಏಟು ತಿಂದು ನೆಟ್ಟಗೆ ಕಲಿತವಳು. ಆ ಗರಡಿಯ ಮೂಲೆಯಲ್ಲಿ ಚೋಶಿನ್ ಕಾಲದಿಂದಲೂ ನನಗೊಂದು ಮಣೆ ಇದೆ. ಸಂಜೆ ಹೋಗಿ ಕೂರುತ್ತೇನೆ. ಮಾತಾಡುವುದಿಲ್ಲ. ಮಾತಾಡದವನನ್ನು ಜನ ಜಾಣನೆಂದುಕೊಳ್ಳುತ್ತಾರೆ, ಅದೂ ಒಂದು ಅನುಕೂಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಸಂಘದಿಂದ ಕಾಗದ ಬಂತು. ಸುಮಿಯೆ ಅದನ್ನು ಓದಿ ಮಡಿಸಿ, ಮತ್ತೆ ಬಿಚ್ಚಿ ಓದಿದಳು.

"ಏನಂತೆ?" ಎಂದೆ.

"ಇನ್ಮೇಲೆ ಎಲ್ಲಾ ಗರಡೀಲೂ ಒಂದೇ ಕ್ರಮ ಅಂತೆ ಅಜ್ಜ. ಅಧ್ಯಕ್ಷರು ಖುದ್ದಾಗಿ ಬಂದು ನೋಡ್ತಾರಂತೆ. ಪುಸ್ತಕದಲ್ಲಿರೋ ಹಾಗೆ ಕಲ್ಲು ಎತ್ತಿ ತೋರಿಸ್ಬೇಕು. ಇಲ್ಲಾಂದ್ರೆ ಹಲಗೆ ವಾಪಸ್."

ಹಲಗೆ ಎಂದರೆ ಬಾಗಿಲ ಮೇಲಿರುವ ಪಂಥದ ಹೆಸರಿನ ಹಲಗೆ. ಚೋಶಿನ್ ತನ್ನ ಗುರುವಿನಿಂದ ಬರೆಸಿಕೊಂಡದ್ದು. ಅದು ಹೋದರೆ ಅವಳ ಶಿಷ್ಯರು ಯಾವ ಪಂದ್ಯಕ್ಕೂ ಹೋಗುವಂತಿಲ್ಲ, ಅವಳು ಕೊಡುವ ದರ್ಜೆಯ ಸೊಂಟಪಟ್ಟಿಗೆ ಬೆಲೆಯಿಲ್ಲ. ಅಪ್ಪನ ಹೆಸರನ್ನು ಅಪ್ಪನ ಬಾಗಿಲಿನಿಂದಲೇ ಕಿತ್ತಂತೆ.

"ಎತ್ತಿ ತೋರಿಸು," ಎಂದೆ.

"ಸೊಟ್ಟಗೆ?"

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಮಾರನೆಯ ದಿನದಿಂದ ಅವಳು ಪುಸ್ತಕವನ್ನು ಕಿಟಕಿಗೆ ಒರಗಿಸಿ ಸೊಟ್ಟಗೆ ಎತ್ತಲು ಶುರುಮಾಡಿದಳು. ನೋಡಲು ಆಗುತ್ತಿರಲಿಲ್ಲ. ನೆಟ್ಟಗೆ ನಡೆಯುವವಳು ಕುಂಟುವುದನ್ನು ಅಭ್ಯಾಸ ಮಾಡಿದಂತೆ. ಹತ್ತು ದಿನಕ್ಕೆ ಹೆಗಲಿಗೆ ನೋವಿನ ಮದ್ದು ಹಚ್ಚಿದ ಪಟ್ಟಿ ಬಂತು. ಹದಿನೈದನೆಯ ದಿನ ಹರಾಜಿನಲ್ಲಿ ಮೀನಿನ ಪೆಟ್ಟಿಗೆ ಎತ್ತಲಾಗದೆ ಎಡಗೈಗೆ ಬದಲಾಯಿಸಿಕೊಂಡಳಂತೆ. ಅವಳ ಶಿಷ್ಯೆ, ಪಕ್ಕದ ಕಟ್ಟೆಯಲ್ಲಿ ಮೀನು ಮಾರುವ ತೋಮಿ, ಬಂದು ನನಗೆ ಹೇಳಿದಳು.

"ಏನು ಸುಮಿಯೆ ಇದು?" ಎಂದು ಆ ಸಂಜೆ ಕೇಳಿದೆ.

"ಒಂದ್ ಸಲ ಅಲ್ವಾ ಅಜ್ಜ? ಅವರ ಮುಂದೆ ಹತ್ತು ಸಲ ಸೊಟ್ಟಗೆ ಎತ್ತಿಬಿಟ್ರೆ ಮುಗೀತು. ಆಮೇಲೆ ನಮ್ಮ ಪಾಡಿಗೆ ನಾವು."

"ಆಮೇಲೆ ಮುಂದಿನ ವರ್ಷ ಬರ್ತಾನೆ. ನಿನ್ನ ಶಿಷ್ಯರನ್ನೂ ಎತ್ತಿಸ್ತಾನೆ."

"ಹಲಗೆ ಹೋದ್ರೆ ಶಿಷ್ಯರೇ ಇರಲ್ಲ!" ಎಂದು ರೇಗಿದಳು. ಆಮೇಲೆ ದನಿ ತಗ್ಗಿಸಿ, "ಅಪ್ಪಾನೂ ಹೀಗೇ ಎತ್ತುತಿದ್ರಲ್ಲ. ನನಗೇ ನೆನಪಿದೆ. ಒಂದ್ ವೇಳೆ ಅಧ್ಯಕ್ಷರು ಹೇಳೋದೇ ಸರಿ ಇದ್ರೆ? ಅಪ್ಪ ನನಗೆ ಒಳಗಿನ ವಿದ್ಯೆ ಕೊಡ್ಲೇ ಇಲ್ಲ ಅಂದ್ರೆ?"

ಆ ಮಾತು ನನ್ನನ್ನು ಕೊಂದಿತು. ಚೋಶಿನ್‌ನ ಮಗಳು, ಅವನ ಕೈಯಿಂದಲೇ ತಿದ್ದಿಸಿಕೊಂಡವಳು, ಅಪ್ಪ ತನಗೆ ಮೋಸ ಮಾಡಿದ ಎಂದುಕೊಳ್ಳುತ್ತಿದ್ದಾಳೆ, ನಾನೊಂದು ಹಸಿ ಕೊಂಬೆ ಬಡಿದಿದ್ದಕ್ಕೆ. ಆದರೂ ಆ ಸಂಜೆ ನನ್ನ ಬಾಯಿ ಬಿಚ್ಚಲಿಲ್ಲ. ನಲವತ್ತೊಂದು ವರ್ಷ ಮುಚ್ಚಿಟ್ಟ ಬಾಯಿ, ತುಕ್ಕು ಹಿಡಿದಿರುತ್ತದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಯೊನಮಿನೆ ಬಂದ. ಕಪ್ಪು ಕಾರು, ಹಿಂದೆ ಇಬ್ಬರು ಸಹಾಯಕರು. ಒಬ್ಬನ ಕೈಯಲ್ಲಿ ಪುಸ್ತಕ, ಇನ್ನೊಬ್ಬನ ಕೈಯಲ್ಲಿ ಕ್ಯಾಮೆರಾ. ಮೂವರೂ ಕಾರಿನಿಂದ ಇಳಿದ ರೀತಿಯಲ್ಲೇ ಬಲ ಹೆಗಲು ಎಡದ್ದಕ್ಕಿಂತ ಎರಡು ಬೆರಳು ಮೇಲಿತ್ತು. ಒಂದೇ ಅಚ್ಚಿನಲ್ಲಿ ಕೆಟ್ಟ ಮೂರು ಹೂಜಿಗಳ ಹಾಗೆ. ಇಪ್ಪತ್ತಮೂರು ಮಂದಿ ಶಿಷ್ಯರು ಗೋಡೆಯುದ್ದಕ್ಕೂ ಮಂಡಿಯೂರಿ ಕೂತಿದ್ದರು. ಸುಮಿಯೆ ಮಲ್ಲಿಗೆ ಚಹಾ, ಬೆಲ್ಲದ ಕಜ್ಜಾಯ ಇಟ್ಟಳು.

ಯೊನಮಿನೆ ನನ್ನತ್ತ ತಿರುಗಿ ತಲೆಬಾಗಿದ. "ಓಹೋ, ಕಮೆಸುಕೆ ಅವರು! ಇನ್ನೂ ಇದ್ದೀರಾ?"

"ನೀನು ಪುಸ್ತಕ ಬರೆಯೋವರೆಗೂ ಇರ್ಬೇಕು ಅಂತ ಇತ್ತು, ಇದ್ದೀನಿ," ಎಂದೆ.

ಅವನು ನಕ್ಕ. ಹೊಗಳಿಕೆ ಎಂದುಕೊಂಡಿರಬೇಕು.

ಸುಮಿಯೆ ಕಲ್ಲನ್ನು ತೆಗೆದುಕೊಂಡು ನಡುವೆ ನಿಂತಳು. ಮೊದಲನೆಯದನ್ನು ಎತ್ತಿದಳು. ಕತ್ತು ವಾಲಿತು, ಸೊಂಟ ಹೊರಬಂತು, ಹೆಗಲು ಕಿವಿಗೆ ಏರಿತು. ಅವಳ ಮುಖ ನೋವಿನಿಂದ ಕಿವುಚಿತು.

"ಬಹಳ ಚೆನ್ನಾಗಿದೆ," ಎಂದ ಯೊನಮಿನೆ. "ಉಸಿರು ಎಲ್ಲಿ? ಉಸಿರು ಮರೀಬೇಡಿ. ಬಂಡೆಯ ಒಳಗಿನ ಅಲೆ."

ಎರಡನೆಯದು. ಅವಳು "ಹ್ಞಂ" ಎಂದಳು.

ಅಪ್ಪನ ದನಿಯೇ. ಅದೇ ಜಾಗ, ಅದೇ ನರಳಾಟ. ನಾನು ಮಣೆಯಿಂದ ಯಾವಾಗ ಎದ್ದೆನೋ ಗೊತ್ತಿಲ್ಲ.

"ಸಾಕು. ಕೆಳಗಿಡು," ಎಂದೆ.

ಎಲ್ಲರೂ ನನ್ನನ್ನು ನೋಡಿದರು. ಆ ಗರಡಿಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು.

"ಸೇಯ್ತೋಕು, ನಿನ್ನ ಗುರು ಸೊಟ್ಟಗೆ ಎತ್ತಿದ್ದು ವಿದ್ಯೆ ಅಲ್ಲ ಕಣೋ. ಅವನ ಮೂಳೆ ಮುರಿದಿತ್ತು."

"ಗೊತ್ತು ಗೊತ್ತು," ಎಂದ ಅವನು ಮೃದುವಾಗಿ, ಮುದುಕರ ಹತ್ತಿರ ಮಾತಾಡುವ ಹಾಗೆ. "ದೋಣಿಯಿಂದ ಬಿದ್ದಿದ್ರು. ಅದು ಯಾವತ್ತೋ ವಾಸಿ ಆಗಿತ್ತಲ್ಲ."

"ವಾಸಿ ಆಗಿರ್ಲಿಲ್ಲ. ದೋಣಿಯಿಂದ ಬಿದ್ದೂ ಇರ್ಲಿಲ್ಲ. ನಾನು ಹಿಡಿಗೆ ಹಸಿಮರ ಹಾಕಿದ್ದೆ. ಒಣಗಾಳೀಲಿ ಕುಗ್ಗಿ ಕಲ್ಲು ಕಳಚಿ ಬಿತ್ತು. ನನ್ನ ಕಸುಬು ಹಾಳಾಗ್ಬಾರ್ದು ಅಂತ ಅವನು ಸುಳ್ಳು ಹೇಳಿದ, ಊರಿನವರ ಹತ್ರ ನಗಿಸ್ಕೊಂಡ. ನೆಟ್ಟಗೆ ಎತ್ತಕ್ಕೆ ಆಗ್ತಿರ್ಲಿಲ್ಲ ಅಂತ ಸೊಟ್ಟಗೆ ಎತ್ತಿದ. ನಿನ್ನ ಪೈನ್ ಮರ ಅದು. ನಿನ್ನ ಅಲೆ ಇದೆಯಲ್ಲ, ಅದು ನೋವಿಗೆ ನರಳಿದ್ದು. ನಿಮಗೆಲ್ಲ ಅಂಗೈಲಿ ಹೊಡೆದು ಹೊಡೆದು ನೆಟ್ಟಗೆ ಎತ್ರೋ ಅಂದ. ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಕದ್ದೆ ನೀನು."

ಸುಮಿಯೆಯ ಕಡೆ ನೋಡುವ ಧೈರ್ಯವಾಗಲಿಲ್ಲ. ಯೊನಮಿನೆಯನ್ನೇ ನೋಡುತ್ತಿದ್ದೆ. ಅವನ ಮುಖ ಬಿಳಿಚಿತು. ಒಂದು ಗಳಿಗೆ, ಒಂದೇ ಗಳಿಗೆ, ಹತ್ತೊಂಬತ್ತರ ಆ ಹುಡುಗ ಅಲ್ಲಿ ಕಂಡ, ತಪ್ಪು ಮಾಡಿ ಏಟಿಗೆ ಕಾಯುತ್ತಿರುವವನ ಹಾಗೆ. ನನಗೂ ಕನಿಕರ ಹುಟ್ಟುವುದರಲ್ಲಿತ್ತು. ಅಷ್ಟರಲ್ಲಿ ಅವನು ಕಣ್ಣು ಮುಚ್ಚಿದ, ಉದ್ದಕ್ಕೆ ಉಸಿರೆಳೆದ, ತೆರೆದ. ಅಧ್ಯಕ್ಷ ವಾಪಸು ಬಂದಿದ್ದ.

"ಅದ್ಭುತ," ಎಂದ.

"ಏನು?"

"ಗುರುಗಳು ಪೆಟ್ಟನ್ನೇ ಗುರುವಾಗಿ ಮಾಡ್ಕೊಂಡ್ರು! ಮುರಿಯದ ಮೂಳೆಗೆ ಸಿಗದ ದಾರಿ ಮುರಿದ ಮೂಳೆಗೆ ಸಿಕ್ತು. ನಾವು ಆ ದಾರೀಲಿ ಪೆಟ್ಟು ತಿನ್ನದೇ ನಡೀತಿದ್ದೀವಿ. ಎಂಥ ಪುಣ್ಯ!" ಸಹಾಯಕನತ್ತ ತಿರುಗಿ, "ಬರ್ಕೊಂಡ್ಯಾ?"

"ಬರ್ಕೊಂಡೆ, ಗುರುಗಳೇ." ಆ ಪುಣ್ಯಾತ್ಮನ ಕಣ್ಣಲ್ಲಿ ನೀರಿತ್ತು.

ನಲವತ್ತೊಂದು ವರ್ಷ ಹೊತ್ತ ನನ್ನ ಪಾಪ ಅವನ ಪುಸ್ತಕಕ್ಕೆ ಒಂದು ಅಧ್ಯಾಯವಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಅವಳಿಗಿಂತ ಒಂದು ಕೈ ಮೇಲು, ಡೊಂಕನ್ನೇ ನೆಲ ಎಂದ.

"ಅವನಿಗೆ ನೋವಾಗ್ತಿತ್ತು ಕಣೋ, ಮೂರ್ಖ," ಎಂದೆ.

"ಕಮೆಸುಕೆ ಅವರೇ, ನೀವು ಮರದ ಕೆಲಸದವರು. ನಿಮ್ಮ ಮಾತಿನ ಆಳ ನಿಮಗೇ ಗೊತ್ತಾಗಲ್ಲ. ದಯವಿಟ್ಟು ಕೂತ್ಕೊಳ್ಳಿ. ಸುಮಿಯೆ ಅವರೇ, ಇನ್ನೂ ಎಂಟು ಉಳಿದಿದೆ."

ಆಗ ಸುಮಿಯೆಯನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕಲ್ಲಿನ ಹಿಡಿಯನ್ನು ನೋಡುತ್ತಿದ್ದಳು. ಹೆಗಲಿನ ನೋವಿನ ಪಟ್ಟಿಯನ್ನು ಉಡುಪಿನೊಳಗೆ ಕೈಹಾಕಿ ಕಿತ್ತು, ಉಂಡೆ ಮಾಡಿ ಮೂಲೆಗೆ ಎಸೆದಳು. ಕಾಲು ಸರಿಮಾಡಿಕೊಂಡಳು. ಹೆಬ್ಬೆರಳು ಒಳಕ್ಕೆ, ಮಂಡಿ ಮಿದು.

ಕಲ್ಲು ಮೇಲೆ ಬಂತು. ಎದೆಯ ಮಟ್ಟದಲ್ಲಿ ಮಣಿಕಟ್ಟು ತಿರುಗಿತು, ಕಲ್ಲು ಮುಷ್ಟಿಯ ಮೇಲೆ ನಿಂತಿತು, ಅಲ್ಲಾಡಲಿಲ್ಲ. ಹೆಗಲ ಮೇಲಾಗಿ ಹಿಂದಕ್ಕೆ ಹೋಯಿತು. ಕತ್ತು ನೆಟ್ಟಗಿತ್ತು, ಹೆಗಲು ತನ್ನ ಜಾಗದಲ್ಲೇ ಇತ್ತು. ನೋಯುತ್ತಿರಬೇಕು, ಹದಿನೈದು ದಿನ ಕೆಡಿಸಿದ ಹೆಗಲು. ಆದರೆ ಸದ್ದಿಲ್ಲ. ತಲೆಯ ಮೇಲಿಂದ ಮುಂದಕ್ಕೆ ತಂದು, ತೋಳನ್ನು ಪೂರ್ತಿ ಚಾಚಿ, ಅಲ್ಲಿ ನಿಲ್ಲಿಸಿದಳು. ಇಳಿಸಲು ಎರಡು ಉಸಿರು. ಗೋಡೆಯುದ್ದಕ್ಕೂ ಕೂತವರು ತಮಗೇ ಗೊತ್ತಿಲ್ಲದೆ ಅವಳ ಜೊತೆ ಉಸಿರು ಬಿಟ್ಟರು. ಹೀಗೆ ಎಂಟು. ಎಂಟನೆಯದಕ್ಕೂ ಮೊದಲನೆಯದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಕ್ಷಮಿಸಿ," ಎಂದ ಯೊನಮಿನೆ, ನಿಜಕ್ಕೂ ದುಃಖವಾದವನಂತೆ. "ಇದು ಶುರು ಮಾಡೋರ ಮಟ್ಟ. ಪಂಥದ ಕ್ರಮ ಅಲ್ಲ."

"ನಮ್ಮಪ್ಪ ಕಲಿಸಿದ್ದು ಇದನ್ನೇ," ಎಂದಳು ಸುಮಿಯೆ.

"ಇನ್ನೊಂದು ಅವಕಾಶ ಕೊಡ್ತೀನಿ. ಗುರುಗಳ ಮಗಳು ನೀವು."

"ಬೇಡ."

"ಹಲಗೆ ತಗೊಂಡ್ ಹೋಗ್ಬೇಕಾಗುತ್ತೆ."

"ತಗೊಳ್ಳಿ."

ಸಂಘದ ನಿಯಮದ ಪ್ರಕಾರ ಹಲಗೆಯನ್ನು ಅಧ್ಯಕ್ಷರೇ ತಮ್ಮ ಬಲಗೈಯಿಂದ ಇಳಿಸಬೇಕು. ಮೂವರೂ ಎದ್ದು ಬಾಗಿಲಿಗೆ ಹೋದರು, ಹಿಂದೆ ನಾವೆಲ್ಲ. ಹಲಗೆ ಬಾಗಿಲ ಮೇಲೆ ಎರಡು ಕೊಕ್ಕೆಗೆ ತೂಗುಹಾಕಿತ್ತು. ಎತ್ತರ ಏನೂ ಇಲ್ಲ, ಕೈ ನೆಟ್ಟಗೆ ಚಾಚಿದರೆ ಸಿಗುವಷ್ಟು. ಯೊನಮಿನೆ ಹಲಗೆಗೆ ನಮಸ್ಕರಿಸಿ ಬಲಗೈ ಎತ್ತಿದ. ಕೈ ಕಿವಿಯವರೆಗೆ ಹೋಯಿತು. ಅಲ್ಲಿ ನಿಂತಿತು.

ಅವನು ಮತ್ತೆ ಎತ್ತಿದ. ಕತ್ತು ಎಡಕ್ಕೆ ವಾಲಿತು, ಸೊಂಟ ಹೊರಬಂತು. "ಹ್ಞಂ," ಎಂದ. ಬೆರಳ ತುದಿಗೂ ಕೊಕ್ಕೆಗೂ ಇನ್ನೂ ಒಂದು ಗೇಣು. ಮೂವತ್ತೈದು ವರ್ಷಕ್ಕೂ ಮೇಲೆ ಆ ಹೆಗಲನ್ನು ಅರೆದಿದ್ದ. ಕೀಲಿನಲ್ಲಿ ಉಳಿದದ್ದೇನು, ಪುಡಿ.

"ನೀನು ತೆಗಿ," ಎಂದ ಸಹಾಯಕನಿಗೆ. ಪುಸ್ತಕದ ಸಹಾಯಕ ಕೈ ಎತ್ತಿದ. ಪೈನ್ ಮರ ಬಾಗಿತು. ಕೈ ಕಿವಿಯ ಹತ್ತಿರವೇ ನಿಂತಿತು. ಕ್ಯಾಮೆರಾದವನು ಇನ್ನೂ ನಲವತ್ತರವನು, ಎಳೆಯ ಹೆಗಲು. ಅವನದು ಕಿವಿಗಿಂತ ನಾಲ್ಕು ಬೆರಳು ಮೇಲೆ ಹೋಗಿ, ಅವನೂ "ಹ್ಞಂ" ಎಂದು ಇಳಿಸಿದ.

"ಸ್ಟೂಲ್ ತರ್ಲಾ ಅಧ್ಯಕ್ಷರೇ?" ಎಂದಳು ತೋಮಿ. "ಮೀನಿನ ಪೆಟ್ಟಿಗೆ ಇದೆ, ಹತ್ತಿ ನಿಂತ್ಕೋಬಹುದು. ಸ್ವಲ್ಪ ವಾಸನೆ ಬರುತ್ತೆ ಅಷ್ಟೆ."

ಯಾರೋ ಕಿಸಕ್ಕೆಂದರು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ನಾನು ನಗಲಿಲ್ಲ. ನಗುವುದಕ್ಕೂ ಒಂದು ಯೋಗ್ಯತೆ ಬೇಕು, ಅದು ನನಗಿರಲಿಲ್ಲ.

ಸುಮಿಯೆ ಮುಂದೆ ಬಂದಳು. "ಸರಿಯಿರಿ." ಎರಡು ಕೈಯನ್ನೂ ನೆಟ್ಟಗೆ ಮೇಲೆತ್ತಿ ಹಲಗೆಯನ್ನು ಕೊಕ್ಕೆಯಿಂದ ಬಿಡಿಸಿದಳು. ಅವಸರವಿಲ್ಲದೆ ಎದೆಯ ಮಟ್ಟಕ್ಕೆ ಇಳಿಸಿ, ತೋಳಿನ ಬಟ್ಟೆಯಿಂದ ಧೂಳು ಒರೆಸಿ, ಎರಡೂ ಕೈಯಲ್ಲಿ ಯೊನಮಿನೆಗೆ ಕೊಟ್ಟಳು. ಅವನು ತಗ್ಗಿಸಿದ ತಲೆಯನ್ನು ಕಾರಿನವರೆಗೂ ಎತ್ತಲಿಲ್ಲ. ಗೌರವಕ್ಕೋ ನಾಚಿಕೆಗೋ ಎಂದು ಹೇಳಲಾರೆ. ಆ ಕತ್ತು ಹೇಗೂ ವಾಲಿಕೊಂಡೇ ಇರುತ್ತದೆ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಪ್ಪತ್ತಮೂರರಲ್ಲಿ ಒಂಬತ್ತು ಮಂದಿ ಬಿಟ್ಟುಹೋದರು, ಪಂದ್ಯಕ್ಕೆ ಹೋಗಬೇಕಾದವರು. ಬಾಗಿಲ ಮೇಲೆ ಈಗ ಎರಡು ಕೊಕ್ಕೆಗಳಷ್ಟೇ ಇವೆ. ಮೂರು ಗರಡಿಯವರು ನನ್ನ ಹಿಡಿಗಳನ್ನು ವಾಪಸು ಕಳಿಸಿದರು, ಎಲ್ಲವೂ ಒಣಮರದವೇ ಆಗಿದ್ದವು. ತಪ್ಪೇನಿಲ್ಲ, ಕಳಿಸಬೇಕಾದದ್ದೇ, ನಲವತ್ತು ವರ್ಷ ತಡವಾಯಿತು. ಯೊನಮಿನೆಯ ಪುಸ್ತಕ ಹೊಸದಾಗಿ ಅಚ್ಚಾಗಿದೆ. 'ಮುರಿದ ಮೂಳೆಯ ಜ್ಞಾನ' ಎಂಬ ಅಧ್ಯಾಯ ಸೇರಿದೆಯಂತೆ. ನನ್ನ ಹೆಸರೂ ಇದೆಯಂತೆ, 'ಒಬ್ಬ ಸರಳ ಮುದುಕ' ಎಂದು.

ಕಾರು ಹೋದ ಆ ಮಧ್ಯಾಹ್ನ ಶಿಷ್ಯರೆಲ್ಲ ಮನೆಗೆ ಹೋದ ಮೇಲೆ ಸುಮಿಯೆ ಚಹಾದ ಬಟ್ಟಲುಗಳನ್ನು ತೊಳೆದು ಬೋರಲು ಹಾಕಿದಳು. ನಾನು ಮಣೆಯ ಮೇಲೆಯೇ ಕೂತಿದ್ದೆ. ಹೋಗಬೇಕೋ ಇರಬೇಕೋ ತಿಳಿಯಲಿಲ್ಲ.

"ಅಪ್ಪಂಗೆ ತುಂಬಾ ನೋಯ್ತಿತ್ತಾ?" ಎಂದು ಬೆನ್ನು ಹಾಕಿಕೊಂಡೇ ಕೇಳಿದಳು.

"ಹೂಂ."

"ಎಷ್ಟ್ ದಿನ?"

"ಹೋಗೋವರೆಗೂ."

"ನೀವು ದಿನಾ ಇಲ್ಲೇ ಕೂತ್ಕೊಂಡು ನೋಡ್ತಿದ್ರಿ."

"ಹೂಂ."

ಅವಳು ಕೈ ಒರೆಸಿಕೊಂಡು ನನ್ನತ್ತ ತಿರುಗಿದಳು. ಅಪ್ಪನ ಕಣ್ಣೇ, ಅಪ್ಪನ ನಗು ಮಾತ್ರ ಇರಲಿಲ್ಲ.

"ನಾಳೆಯಿಂದ ನೀವು ಬರೋದ್ ಬೇಡ. ಒಂದ್ ತಿಂಗಳು."

"ಒಂದೇ ತಿಂಗಳಾ?"

"ಎಣಿಸ್ಕೊಂಡಿರಿ. ಒಂದ್ ದಿನ ಮುಂಚೆ ಬಂದ್ರೂ ಒಳಗೆ ಬಿಡಲ್ಲ."

ಮಾರನೆಯ ದಿನದಿಂದ ಮೇ ತಿಂಗಳು. ಅದರಲ್ಲಿ ಮೂವತ್ತೊಂದು ದಿನ, ಒಂದೂ ಬಿಡದೆ ಎಣಿಸಿದೆ.